ಹೊಗೆಯಿಲ್ಲದ ಬಚ್ಚಲು

ಆ ದಿನ ನಾನು ಕಾರ್ಕಳದ ನಮ್ಮ ಮನೆ ತಲುಪಿದಾಗ ಬಚ್ಚಲಿನ ಬಾಗಿಲು ಮುಚ್ಚಿತ್ತು, ಒಳಗಿನಿಂದ ಚಿಲಕ ಹಾಕಿತ್ತು, ನಾನು ಭುಜ ಕೊಟ್ಟು ಅದನ್ನು ಒಡೆದೆ. ನನ್ನ ನೆನಪು ಹೀಗೆ ಹೇಳುತ್ತದೆ. ಅಮ್ಮನ ಪ್ರಕಾರ ಬಾಗಿಲು ತೆರೆದೇ ಇತ್ತು, ನಾನು ನೀರು ಸುರಿಯುವ ರೈನ್‌ಕೋಟಿನಲ್ಲಿ ಬಂದು ಹೊಸಿಲಿನ ಮೇಲೆ ಕಂಬದ ಹಾಗೆ ನಿಂತೆ, ಅಷ್ಟೆ. ತಂಗಿಗೆ ನಾನು ಬಂದದ್ದೇ ನೆನಪಿಲ್ಲ. ಮೂವರಲ್ಲಿ ಯಾರನ್ನು ನಂಬಬೇಕೆಂದು ಕೇಳಿದರೆ, ನನ್ನನ್ನು ಕೊನೆಗೆ ನಂಬಿ ಎನ್ನುತ್ತೇನೆ. ನನ್ನ ನೆನಪಿನ ಬಚ್ಚಲಿಗೆ ಒಂದು ವಾಸನೆ ಇದೆ, ಸುಟ್ಟ ವೈರಿನಂಥದು, ಗಂಟಲಿಗೆ ಅಂಟುವಂಥದು. ನಾನು ಹೆದರಿದ್ದು ಯಾವ ಅನಿಲಕ್ಕೋ ಅದಕ್ಕೆ ವಾಸನೆಯೇ ಇಲ್ಲ. ರಸಾಯನಶಾಸ್ತ್ರ ಓದಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂದ ಮೇಲೆ ವಾಸನೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿದ್ದೇನೆ. ವಾಸನೆ ಸೇರಿಸಿಕೊಂಡವನು ಚಿಲಕವನ್ನೂ ಸೇರಿಸಿಕೊಂಡಿರಬಹುದು.

ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ನಾವು ಆಡುವುದು ತುಳು. ಅಮ್ಮ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದು ಸ್ವಲ್ಪ ಇಸ್ತ್ರಿ ಹಾಕಿಸಿಕೊಂಡೇ ಬರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ನಾನು ಮಣಿಪಾಲದಲ್ಲಿ ಓದಿ, ಅಲ್ಲಿಯೇ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿ, ಅಲೆವೂರಿನಲ್ಲಿ ಬಾಡಿಗೆ ಮನೆ ಹಿಡಿದವನು. ಹವ್ಯಾಸಕ್ಕೆ ಬ್ಲಾಗ್ ಬರೆಯುತ್ತೇನೆ. ಓದಿದ ಪುಸ್ತಕ, ನೋಡಿದ ಸಿನಿಮಾ, ಮನೆಗೆ ತಂದ ಸಾಮಾನು, ಎಲ್ಲದರ ಬಗ್ಗೆಯೂ ಒಂದೇ ಧಾಟಿಯಲ್ಲಿ. ಕಾದಂಬರಿಯ ಬಗ್ಗೆ ಬರೆದದ್ದಕ್ಕೆ ಯಾರೂ ತುಟಿ ಬಿಚ್ಚುವುದಿಲ್ಲ. ಸೊಳ್ಳೆ ಬ್ಯಾಟಿನ ಬಗ್ಗೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಬಗ್ಗೆ, ಕಾಯಿ ತುರಿಯುವ ಮೆಷಿನಿನ ಬಗ್ಗೆ ಬರೆದರೆ ಹೆಬ್ರಿಯಿಂದ ಹಿಡಿದು ದುಬೈವರೆಗೆ ಪ್ರಶ್ನೆಗಳು ಬರುತ್ತವೆ. ಸ್ವತಃ ಬಳಸದೆ ಯಾವುದನ್ನೂ ಹೊಗಳುವುದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು.

ಹಾಗೆ ಬಳಸಿ ಹೊಗಳಿದ ವಸ್ತುಗಳಲ್ಲಿ ಒಂದು ಗ್ಯಾಸ್ ಗೀಸರ್. ಉಡುಪಿಯ ಅಂಗಡಿಯೊಂದರಿಂದ ಬೇಸಿಗೆಯಲ್ಲಿ ತಂದಿದ್ದೆ. ಅಲೆವೂರಿನ ಮನೆಯ ಬಚ್ಚಲಿನ ಕಿಟಿಕಿಗೆ ಗಾಜಿನ ಪಟ್ಟಿಗಳು ಉದುರಿಹೋಗಿದ್ದವು, ಸ್ನಾನ ಮಾಡುತ್ತಾ ಹೊರಗಿನ ಹಲಸಿನ ಮರವನ್ನು ನೋಡಬಹುದಿತ್ತು. ನಲ್ಲಿ ತಿರುಗಿಸಿದರೆ ಪೆಟ್ಟಿಗೆಯೊಳಗೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು, ನೀರು ಎಷ್ಟು ಬೇಕಾದರೂ ಬಿಸಿಯಾಗಿ ಬರುತ್ತಿತ್ತು. ‘ಹೊಗೆಯಿಲ್ಲ, ಬೂದಿಯಿಲ್ಲ, ಕರೆಂಟು ಹೋದರೂ ಚಿಂತೆಯಿಲ್ಲ’ ಎಂದು ಬರೆದೆ. ಗಾಳಿಯಾಡುವ ಜಾಗ ಇರಬೇಕು ಎಂಬ ಒಂದು ಸಾಲೂ ಆ ಬರಹದಲ್ಲಿದೆ. ಅದು ಮೊದಲಿನಿಂದಲೂ ಇತ್ತೇ, ಆಮೇಲೆ ಸೇರಿಸಿದೆನೇ ಎಂದು ಖಚಿತವಾಗಿ ಹೇಳಲಾರೆ. ಹಳೆಯ ಬರಹಗಳನ್ನು ತೆರೆದು ತಿದ್ದುತ್ತಾ ಕೂರುವುದು ನನ್ನ ಚಾಳಿ.

ಆ ವರ್ಷ ತಂಗಿಯ ಹೆರಿಗೆ ಮಳೆಗಾಲಕ್ಕೇ ಬಿತ್ತು. ಅವಳನ್ನು ಕೊಟ್ಟದ್ದು ಕಾಪುವಿಗೆ. ಭಾವನಿಗೆ ಮೀನು ಸಾಗಿಸುವ ವ್ಯಾನಿನ ವ್ಯವಹಾರ. ಉಡುಪಿಯ ಆಸ್ಪತ್ರೆಯಲ್ಲಿ ಹೆತ್ತು, ರೂಢಿಯಂತೆ ಬಾಣಂತನಕ್ಕೆ ಕಾರ್ಕಳದ ತವರಿಗೆ ಬಂದಳು. ಬಾಣಂತನ ಎಂದರೆ ನಮ್ಮಲ್ಲಿ ಮುಖ್ಯವಾಗಿ ಬಿಸಿನೀರು. ಮೈಗೆಲ್ಲ ಎಣ್ಣೆ ತಿಕ್ಕಿ, ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ, ಸೊಂಟಕ್ಕೆ ಬೆನ್ನಿಗೆ ಕೈ ಸೋಲುವವರೆಗೆ ನೀರು ಹೊಯ್ಯಬೇಕು. ಆಮೇಲೆ ಕಂಬಳಿ ಹೊದಿಸಿ ಮಲಗಿಸಿ ಬೆವರಿಸಬೇಕು. ತಲೆ ತಿರುಗಿದರೆ, ಕಣ್ಣು ಕತ್ತಲೆ ಬಂದರೆ, ನೀರು ಚೆನ್ನಾಗಿ ಹಿಡಿಯಿತು ಎಂದು ಅರ್ಥ. ಇಷ್ಟು ನೀರು ಕಾಯಿಸಲು ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಒಲೆ. ಆಟಿ ತಿಂಗಳ ಮಳೆಯಲ್ಲಿ ತೆಂಗಿನ ಮಡಲು, ಸಿಪ್ಪೆ, ಸೌದೆ ಎಲ್ಲವೂ ಒದ್ದೆ. ಊದಿ ಊದಿ ಅಮ್ಮನ ಕಣ್ಣು ಕೆಂಪಾಗುತ್ತಿತ್ತು.

“ಊರಿಗೆಲ್ಲ ಬರೆದು ಹೇಳುತ್ತೀಯಲ್ಲ, ಆ ಗ್ಯಾಸಿನದ್ದು ಎಂತ ಅದು? ಅಮ್ಮನಿಗೆ ಇಲ್ವಾ?” ಎಂದು ಅಮ್ಮ ಫೋನಿನಲ್ಲಿ ಕೇಳಿದರು.

“ನೀವು ನನ್ನ ಬ್ಲಾಗ್ ಓದುತ್ತೀರಾ?”

“ನಾನು ಯಾಕೆ ಓದುವುದು? ಇವಳು ಓದಿ ಹೇಳಿದಳು. ಪುಸ್ತಕದ್ದು ಬಿಟ್ಟು ಉಳಿದದ್ದೆಲ್ಲ ಓದುತ್ತಾಳೆ.”

ಮುಂದಿನ ಭಾನುವಾರ ನನ್ನ ಗೀಸರನ್ನೇ ಬಿಚ್ಚಿ ಕಾರ್ಕಳಕ್ಕೆ ತಂದೆ. ಸಿಲಿಂಡರನ್ನು ಗೋಡೆಯ ಹೊರಗೆ ಇಟ್ಟು, ರಬ್ಬರ್ ಪೈಪನ್ನು ಒಳಗೆ ತಂದು, ಹಂಡೆಯ ಮೇಲಿನ ಗೋಡೆಗೆ ಗೀಸರ್ ಕೂರಿಸಿದೆವು. ಬಾಣಂತಿಯನ್ನು ಮೀಯಿಸಲು ಹತ್ತಿರದ ಒಬ್ಬ ಹೆಂಗಸು ಬರುತ್ತಿದ್ದರು. ನಮಗೆಲ್ಲ ಅವರು ಅಕ್ಕ. ನಲ್ಲಿ ತಿರುಗಿಸಿ ನೋಡಿದ ಅಕ್ಕ, “ಇನ್ನು ನನಗೆ ರಿಟೈರ್‌ಮೆಂಟ್ ಕೊಡಿ. ನೀರು ಹೊಯ್ಯುವ ಮೆಷಿನು ಸಹ ತಂದುಬಿಡಿ” ಎಂದು ನಗಿಸಿದರು.

ಬಚ್ಚಲಿಗೆ ಒಂದು ಸಣ್ಣ ಕಿಟಿಕಿ, ಅದರ ಮೇಲೆ, ಸೂರಿನ ಹತ್ತಿರ, ಸಿಮೆಂಟಿನ ಜಾಲಿ. ಒಲೆ ಉರಿಯುತ್ತಿದ್ದ ಕಾಲದಲ್ಲಿ ಕಿಟಿಕಿ ಮುಚ್ಚಿದರೂ ಜಾಲಿಯನ್ನು ಯಾರೂ ಮುಚ್ಚುತ್ತಿರಲಿಲ್ಲ, ಮುಚ್ಚಿದರೆ ಹೊಗೆಗೆ ಒಳಗಿದ್ದವರೇ ಓಡಿ ಬರಬೇಕು. ಈಗ ಹೊಗೆ ಇಲ್ಲ. ಬಾಣಂತಿಗೆ ಗಾಳಿ ತಾಗಬಾರದು. ನಾನು ಮಣಿಪಾಲಕ್ಕೆ ಮರಳಿದ ಮೇಲೆ ಅಮ್ಮ ಸ್ಟೂಲು ಹತ್ತಿ ಜಾಲಿಯ ಎಲ್ಲ ತೂತುಗಳಿಗೂ ಹಳೆಯ ಲುಂಗಿಯನ್ನು ಹರಿದು ತುರುಕಿದರು. ಬಾಗಿಲಿನ ಕೆಳಗಿನ ಸಂದಿಗೆ ಗೋಣಿ ಮಡಚಿ ಇಟ್ಟರು.

ಜಾಲಿ ಮುಚ್ಚಬೇಡಿ ಎಂದು ಆ ಭಾನುವಾರ ನಾನು ಅಮ್ಮನಿಗೆ ಹೇಳಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ, ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಮ್ಮನ ಉತ್ತರ: “ನೀನು ಹೇಳಿದ್ದರೆ ನಾನು ಕೇಳುತ್ತಿರಲಿಲ್ಲವಾ? ನೀನು ಹೇಳಿದ್ದು ಸಿಲಿಂಡರಿಗೆ ಮಳೆ ತಾಗಬಾರದು ಅಂತ.” ಸಿಲಿಂಡರಿನ ಮಾತೂ ನನಗೆ ನೆನಪಿದೆ. ಆಗಲೂ ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಆದದ್ದು ಎರಡು ಮಾತೋ, ಒಂದೇ ಮಾತಿನ ಎರಡು ನೆನಪೋ, ನನಗೆ ಬಿಡಿಸಲಾಗಿಲ್ಲ.

ಒಂದು ವಾರ ಕಳೆದಿರಬೇಕು. ಮಣಿಪಾಲದ ಚಿತ್ರಮಂದಿರದಲ್ಲಿ ದೆವ್ವದ ಸಿನಿಮಾವೊಂದರ ಬೆಳಗಿನ ಆಟಕ್ಕೆ ಹೋಗಿದ್ದೆ, ಬ್ಲಾಗಿಗೆ ಬರೆಯಲಿಕ್ಕೆಂದೇ. ಹಿಂದಿನ ಸಾಲಿನ ವಿದ್ಯಾರ್ಥಿಗಳು ಹೆದರುವ ಜಾಗದಲ್ಲೆಲ್ಲ ನಗುತ್ತಿದ್ದರು. ನಾನೂ ಮನಸ್ಸಿನಲ್ಲಿ ಒಂದು ಚುಚ್ಚುಮಾತನ್ನು ಕಟ್ಟುತ್ತಾ ಕೂತಿದ್ದೆ. ಮಧ್ಯಂತರದಲ್ಲಿ ಫೋನ್ ನೋಡಿದೆ. ತಂಗಿಯ ಮೆಸೇಜು ಆಗಷ್ಟೇ ಬಂದಿತ್ತು.

“ಅಣ್ಣ, ನಿನ್ನ ಗೀಸರ್ ಭಾರಿ ಲಾಯ್ಕ ಉಂಟು. ಆದರೆ ನಿನ್ನೆ ಸ್ನಾನ ಮುಗಿಯುವಾಗ ತಲೆ ತಿರುಗಿ ಬಿದ್ದೆ. ವಾಂತಿ ಸಹ. ಮೊನ್ನೆಯೂ ಹಾಗೆಯೇ. ಅಮ್ಮ ಹೇಳುವುದು ನೀರು ಹಿಡಿದದ್ದು ಅಂತ. ಅಕ್ಕನಿಗೂ ತಲೆನೋವಂತೆ, ಅವರಿಗೆ ಯಾವ ಬಾಣಂತನ ಅಂತ ನಾನು ತಮಾಷೆ ಮಾಡಿದೆ. ಈಗ ಎಣ್ಣೆ ಹಚ್ಚಿಸಿಕೊಳ್ಳಲಿಕ್ಕೆ ಕೂರುತ್ತೇನೆ, ಆಮೇಲೆ ಸ್ನಾನ. ಇವತ್ತಿನಿಂದ ಮಗುವನ್ನೂ ಒಳಗೇ ಮೀಯಿಸುವುದು. ಹೊರಗೆ ಗಾಳಿ.”

ಮೊದಲ ಸಲ ಓದಿದಾಗ ನಕ್ಕೆ. ಎರಡನೆಯ ಸಲ ‘ಅಕ್ಕನಿಗೂ’ ಎಂಬಲ್ಲಿ ನಿಂತೆ. ಬಾಣಂತಿಗೆ ತಲೆ ತಿರುಗಲು ನೂರು ಕಾರಣ. ನೀರು ಹೊಯ್ಯುವವರಿಗೆ ಯಾಕೆ? ಇಬ್ಬರೂ ಇದ್ದದ್ದು ಒಂದೇ ಕೋಣೆಯಲ್ಲಿ. ಆ ಕೋಣೆಯಲ್ಲಿ ಬೆಂಕಿ ಇದೆ. ಬೆಂಕಿಗೆ ಗಾಳಿ ಸಾಲದೆ ಹೋದರೆ ಯಾವ ವಿಷಾನಿಲ ಹುಟ್ಟುತ್ತದೆ ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಮೊದಲು ತಲೆ ತಿರುಗಿಸುತ್ತದೆ, ಆಮೇಲೆ ಮಲಗಿಸುತ್ತದೆ. ಮಲಗಿದವರನ್ನು ನಮ್ಮ ಮನೆಯಲ್ಲಿ ಕಂಬಳಿ ಹೊದಿಸಿ ಹಾಗೆಯೇ ಬಿಡುತ್ತಾರೆ. ಎಬ್ಬಿಸಬಾರದು ಎನ್ನುತ್ತಾರೆ.

ಪಾಪ್‌ಕಾರ್ನ್ ಸಾಲಿನಲ್ಲಿ ನಿಂತೇ ತಂಗಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಮ್ಮನ ಫೋನು ಸ್ವಿಚ್ ಆಫ್. ಕರೆಂಟಿಲ್ಲದೆ ಚಾರ್ಜ್ ಇಳಿದಿರಬೇಕು. ‘ನೀರು ಬಿಡಬೇಡ, ಮಗುವನ್ನು ಒಳಗೆ ಒಯ್ಯಬೇಡ’ ಎಂದು ಮೆಸೇಜು ಹಾಕಿದೆ. ಅದು ತಲುಪಿದ ಗುರುತು ಬರಲಿಲ್ಲ. ಕಾಪುವಿಗೆ, ಭಾವನಿಗೆ ಫೋನ್ ಮಾಡಿದೆ. ಆಟಿಯಲ್ಲಿ ಬೋಟುಗಳು ಕಡಲಿಗಿಳಿಯುವುದಿಲ್ಲವಾದ್ದರಿಂದ ಅವನು ಮನೆಯಲ್ಲೇ ವ್ಯಾನಿನ ತುಕ್ಕು ಕೆರೆಯುತ್ತಿದ್ದ.

“ಭಾವ, ಬಾಣಂತಿಗೆ ತಲೆ ತಿರುಗದೆ ಮತ್ತೆ ನನಗೆ ತಿರುಗುವುದಾ? ನೀವು ಎಲ್ಲಿದ್ದೀರಿ ಈಗ?” ಎಂದ. ನನ್ನನ್ನು ಅವನೂ ಭಾವ ಎಂದೇ ಕರೆಯುವುದು.

“ಸಿನಿಮಾದಲ್ಲಿ.”

“ಯಾವ ಸಿನಿಮಾ?”

ಹೇಳಿದೆ. ಅವನು ನಕ್ಕ. ಆಮೇಲೆ, “ಆಯ್ತು ಮಾರಾಯ್ರೆ, ನಾನೂ ಫೋನ್ ಮಾಡಿ ನೋಡುತ್ತೇನೆ” ಎಂದ.

ಸ್ಕೂಟರ್ ಹತ್ತಿ ಹೊರಟೆ. ಪರ್ಕಳದ ಇಳಿಜಾರಿನಲ್ಲಿ ಮಳೆ ಎದುರಿನಿಂದ ಹೊಡೆಯುತ್ತಿತ್ತು. ಹೆಲ್ಮೆಟ್ಟಿನ ಗಾಜು ಮಂಜಾಯಿತು, ಎತ್ತಿದರೆ ಕಣ್ಣಿಗೆ ನೀರು. ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳಲು ನೋಡಿದೆ. ಎಣ್ಣೆ ತಿಕ್ಕುವುದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ. ಅಕ್ಕ ಮಾತಿನ ಮಲ್ಲಿ, ಬೇಗ ಮುಗಿಸುವುದಿಲ್ಲ. ಆದರೆ ನಿನ್ನೆ ಬಿದ್ದದ್ದು ತಂಗಿಯೊಬ್ಬಳು, ಮಗು ಹೊರಗಿತ್ತು. ಅಷ್ಟು ಸಣ್ಣ ಎದೆಗೂಡಿಗೆ ಎಷ್ಟು ಸಾಕು? ಆ ಲೆಕ್ಕ ನನಗೆ ಗೊತ್ತಿರಲಿಲ್ಲ.

ಹಿರಿಯಡ್ಕದಲ್ಲಿ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತು ಮತ್ತೆ ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಭಾವನಿಂದಲೂ ಮೆಸೇಜು ಬಂದಿತ್ತು: ‘ನನಗೂ ಎತ್ತುವುದಿಲ್ಲ.’ ಈಗ ಅವನ ಮಾತಿನಲ್ಲಿ ನಗು ಇರಲಿಲ್ಲ. ಅಥವಾ ಮೆಸೇಜಿನಲ್ಲಿ ನಗು ಕಾಣುವುದಿಲ್ಲವಷ್ಟೆ.

ಅಲ್ಲಿಂದ ಮುಂದೆ ಗೀಸರಿನ ಜ್ವಾಲೆಯ ಬಣ್ಣವನ್ನು ನೆನಪಿಸಿಕೊಳ್ಳಲು ಹೆಣಗಿದೆ. ಒಳ್ಳೆಯ ಬೆಂಕಿ ನೀಲಿ, ಉಸಿರುಕಟ್ಟಿದ ಬೆಂಕಿ ಹಳದಿ. ಕೂರಿಸಿದ ದಿನ ಪೆಟ್ಟಿಗೆಯ ಕಿಂಡಿಯಲ್ಲಿ ಬಗ್ಗಿ ನೋಡಿದ್ದೆ. ನೀಲಿಯಾಗಿತ್ತು. ಬೈಲೂರು ದಾಟುವಷ್ಟರಲ್ಲಿ ಅದರ ತುದಿ ಹಳದಿಯಾಯಿತು. ಕಾರ್ಕಳ ಹತ್ತಿರವಾದಂತೆ ನನ್ನ ನೆನಪಿನ ಬೆಂಕಿ ಪೂರ್ತಿ ಹಳದಿಗೆ ತಿರುಗಿ ಕರಿ ಕಾರುತ್ತಿತ್ತು. ಕಂಡದ್ದು ಕಣ್ಣ ಮುಂದೆಯೇ ಹೀಗೆ ಬದಲಾಗುವುದನ್ನು ನಾನು ಅದಕ್ಕೂ ಮೊದಲು ಗಮನಿಸಿದವನಲ್ಲ. ಅಂದಿನಿಂದ ನನ್ನ ಯಾವ ನೆನಪನ್ನೂ ಪೂರ್ತಿ ನಂಬಿದವನೂ ಅಲ್ಲ.

ಮನೆಯ ಮುಂದೆ ಸ್ಕೂಟರನ್ನು ಸ್ಟ್ಯಾಂಡ್ ಹಾಕದೆ ಬಿಟ್ಟೆ, ಅದು ಬಿತ್ತು. ಇದು ನಿಜ, ಬ್ರೇಕಿನ ಹಿಡಿ ಮುರಿದು ಮರುದಿನ ಬದಲಿಸಿದ್ದೇನೆ. ಒಳಗೆ ಯಾರೂ ಮಾತಾಡುವ ಸದ್ದಿಲ್ಲ. ಬಚ್ಚಲಿನ ಕಡೆಯಿಂದ ಹಂಡೆಗೆ ನೀರು ಬೀಳುವ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಬಾಗಿಲು. ಅದು ಹೇಗಿತ್ತೆಂಬ ತಕರಾರನ್ನು ಆಗಲೇ ಹೇಳಿದೆ. ಒಳಗಿದ್ದ ಅಕ್ಕನನ್ನು ಕೇಳಿದರೆ, ಆ ತಲೆನೋವಿನಲ್ಲಿ ಬಾಗಿಲು ಯಾರು ನೋಡಿದ್ದು ಎನ್ನುತ್ತಾರೆ.

ತಂಗಿ ಮಣೆಯಿಂದ ಜಾರಿ ಗೋಡೆಗೊರಗಿದ್ದಳು. ಅಕ್ಕ ಅವಳ ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಲು ನೋಡುತ್ತಿದ್ದರು, ಎತ್ತಲು ಆಗುತ್ತಿರಲಿಲ್ಲ. “ಇವತ್ತು ನನ್ನ ಕೈಯಲ್ಲೇ ಬಲ ಇಲ್ಲ” ಎನ್ನುತ್ತಿದ್ದರು. ನಾನು ನಲ್ಲಿ ನಿಲ್ಲಿಸಿದೆ, ಬೆಂಕಿ ಆರಿತು. ಇಬ್ಬರೂ ಸೇರಿ ಅವಳನ್ನು ಚಾವಡಿಗೆ ಎಳೆದುಕೊಂಡು ಬಂದೆವು. ಮಗು ಅಡುಗೆಮನೆಯಲ್ಲಿ ಅಮ್ಮನ ತೊಡೆಯ ಮೇಲಿತ್ತು. ಅದಕ್ಕೆ ಎಣ್ಣೆ ಹಚ್ಚಿ ಆಗಿತ್ತು, ಒಳಗೆ ಒಯ್ಯಲು ಕರೆ ಬರುವುದಷ್ಟೇ ಬಾಕಿ. ನಮ್ಮ ಗಲಾಟೆಗೆ ಅದು ಬಾಯಿ ತೆರೆದು ಅತ್ತಿತು. ಆ ಅಳುವಿನ ಬಗ್ಗೆ ಮಾತ್ರ ಯಾರ ನೆನಪಿನಲ್ಲೂ ಭೇದವಿಲ್ಲ.

“ಎಂತ ಮಗಾ ಇದು, ಬಾಣಂತಿಯನ್ನು ಗಾಳಿಗೆ ತಂದು ಹಾಕಿದೆ?” ಎಂದು ಅಮ್ಮ ಬಾಗಿಲು ಮುಚ್ಚಲು ಹೋದರು.

“ಮುಚ್ಚಬೇಡಿ ಅಮ್ಮ.”

“ಶೀತ ಆಗುತ್ತದೆ.”

“ಆಗಲಿ.”

ತಂಗಿ ಕಣ್ಣು ಬಿಟ್ಟು, “ಸಿನಿಮಾ ಮುಗಿಯಿತಾ?” ಎಂದಳಂತೆ. ಇದನ್ನು ಅಮ್ಮ ಹೇಳುತ್ತಾರೆ. ನಾನು ಸಿನಿಮಾಕ್ಕೆ ಹೋದದ್ದು ಅವಳಿಗೆ ಆಗ ಹೇಗೆ ಗೊತ್ತಿರಲು ಸಾಧ್ಯ? ಭಾವ ಹೇಳಿದ ಮೇಲೆ ಅಮ್ಮ ಕಟ್ಟಿದ್ದು. ಆದರೂ ಎಲ್ಲರಿಗೂ ಅದೇ ನೆನಪು.

ಪೇಟೆಯ ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ತಂಗಿ ಎದ್ದು ಕೂತು, ಬಾಡಿಗೆ ಕಾರಿನ ಕಿಟಿಕಿ ತೆರೆದಿಟ್ಟದ್ದಕ್ಕೆ ನನ್ನನ್ನು ಬೈಯುತ್ತಿದ್ದಳು. ವೈದ್ಯರು ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿ ನೋಡಿದರು, ಎಲ್ಲ ಸರಿ ಎಂದು ತೋರಿಸಿತು. ಅಂಥದೇ ಕ್ಲಿಪ್ಪಿನ ಬಗ್ಗೆ ನಾನು ಬ್ಲಾಗಿನಲ್ಲಿ ಹಿಂದೆ ಬರೆದಿದ್ದೆ. ಈ ಅನಿಲ ರಕ್ತದಲ್ಲಿದ್ದರೂ ಅದು ಎಲ್ಲ ಸರಿ ಎಂದೇ ತೋರಿಸುತ್ತದೆ. ಹೇಳಿದೆ. “ಹೌದು, ನೀವು ಹೇಳುವುದು ಸರಿ. ಆದರೆ ಇಷ್ಟು ಹೊತ್ತು ಗಾಳಿಯಲ್ಲಿದ್ದ ಮೇಲೆ ಇಲ್ಲಿ ನನಗೆ ಗೊತ್ತಾಗುವುದು ಕಷ್ಟ. ಆಗಿರಬಹುದು. ಇವರಿಗೆ ರಕ್ತವೂ ಕಡಿಮೆ ಉಂಟು, ಅದರಿಂದಲೂ ಆಗಿರಬಹುದು” ಎಂದು ಆ ವೈದ್ಯರು ಪ್ರಾಮಾಣಿಕವಾಗಿ ಹೇಳಿ ಕಬ್ಬಿಣದ ಮಾತ್ರೆ ಬರೆದರು. ಅಮ್ಮ ನನ್ನ ಮುಖ ನೋಡಿದರು. ರಕ್ತ ಕಡಿಮೆ, ಅಷ್ಟೆ.

ಗೀಸರನ್ನು ನಾನು ಬಿಚ್ಚಿಟ್ಟೆ. ಉಳಿದ ಬಾಣಂತನ ಹಂಡೆಯ ಒಲೆಯಲ್ಲೇ ಆಯಿತು, ಹೊಗೆಯ ಜೊತೆಗೆ. ತಲೆ ತಿರುಗುವುದೂ ನಿಂತಿತು. ಮಾತ್ರೆಯ ಗುಣ ಎಂದರು ಅಮ್ಮ.

ಮಳೆ ಬಿಟ್ಟ ಮೇಲೆ ತಂಗಿ ಮಗುವನ್ನು ಎತ್ತಿಕೊಂಡು ಕಾಪುವಿಗೆ ಹೋದಳು. ಅಲ್ಲಿಗೆ ಹೋಗುವಾಗಲೆಲ್ಲ ನನ್ನ ಕಥೆ ನನಗಿಂತ ಮೊದಲೇ ತಲುಪಿರುತ್ತಿತ್ತು. ಜಗಲಿಯಲ್ಲಿ ಕೂತ ಯಾರಾದರೂ, “ಇವರೇ ಅಲ್ವಾ, ದೆವ್ವದ ಸಿನಿಮಾ ನೋಡಿ ಬಾಣಂತಿಯನ್ನು ಬಚ್ಚಲಿನಿಂದ ಎಳೆದುಹಾಕಿದ್ದು?” ಎನ್ನುತ್ತಿದ್ದರು. ಭಾವ ಅದನ್ನು ಅಭಿನಯಿಸಿ ತೋರಿಸುತ್ತಿದ್ದ, ರೈನ್‌ಕೋಟು, ಹೆಲ್ಮೆಟ್ಟು ಸಮೇತ. ನಾನೂ ನಗುತ್ತಿದ್ದೆ. ಇಷ್ಟು ಜನ ಇಷ್ಟು ಸಲ ನಕ್ಕರೆ ಯಾವ ಭಯವಾದರೂ ಸುಳ್ಳಾಗಿಬಿಡುತ್ತದೆ. ಬಾಗಿಲು ತೆರೆದೇ ಇತ್ತೇನೋ, ತಂಗಿಗೆ ರಕ್ತವೇ ಕಡಿಮೆ ಇತ್ತೇನೋ ಎಂದು ನಾನೇ ಒಳಗೊಳಗೆ ಒಪ್ಪಿಕೊಳ್ಳತೊಡಗಿದ್ದೆ.

ಮುಂದಿನ ಮಳೆಗಾಲ ಹತ್ತಿರವಾದಾಗ ಭಾವ ಕೇಳಿದ: “ಆ ಗೀಸರ್ ನಿಮ್ಮಲ್ಲಿ ಸುಮ್ಮನೆ ಬಿದ್ದುಕೊಂಡಿದೆಯಲ್ಲ ಭಾವ, ಇಲ್ಲಿಗೆ ಕೊಡಿ. ಮಗುವಿಗೆ ಬೆಳಿಗ್ಗೆ ಸಂಜೆ ಬಿಸಿನೀರು ಬೇಕು.”

ಕೊಡುವುದಿಲ್ಲ ಎನ್ನಲು ನನ್ನ ಬಳಿ ಕಾರಣ ಇರಲಿಲ್ಲ. ಇದ್ದದ್ದು ನಗೆಪಾಟಲಾದ ಒಂದು ಕಥೆ. ಅವರ ಬಚ್ಚಲನ್ನು ಹೋಗಿ ನೋಡಿದೆ. ಪಡುವಣ ಗೋಡೆ, ಅದರಾಚೆ ತೆಂಗಿನ ಸಾಲು, ಆಚೆಗೆ ಕಡಲು. ಕಡಲ ಗಾಳಿಗೆ ಮಳೆ ಅಡ್ಡವಾಗಿ ಹೊಡೆಯುತ್ತದೆಂದು ಅಲ್ಲಿ ಪ್ರತಿ ವರ್ಷ ಪಡುವಣ ಕಿಟಿಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಬಿಗಿದು ಮರದ ರೀಪು ಹೊಡೆಯುತ್ತಾರೆ. ಬಚ್ಚಲಿಗೆ ಆಗಲೇ ಹೊಡೆದಾಗಿತ್ತು.

ತಂಗಿ ನನ್ನ ಹಿಂದೆ ಬಂದು ನಿಂತಿದ್ದಳು. ಮಗು ಅವಳ ಸೊಂಟದಲ್ಲಿ ಕೂತು ರೀಪಿನ ಮೊಳೆಯತ್ತ ಕೈ ಚಾಚುತ್ತಿತ್ತು.

“ಅಣ್ಣ, ಒಂದು ಸರಿ ಹೇಳು. ಅದು ನಿಜ ಇತ್ತಾ, ನೀನು ಸುಮ್ಮನೆ ಹೆದರಿದ್ದಾ?”

“ನಿನಗೆ ಎಂತ ಅನ್ನಿಸುತ್ತದೆ?”

“ನನಗೆ ಎಂತದೂ ನೆನಪಿಲ್ಲ. ಅದಕ್ಕೇ ನಿನ್ನಲ್ಲಿ ಕೇಳುವುದು. ಇವನನ್ನು ಅಲ್ಲಿ ಮೀಯಿಸಬೇಕಾದವಳು ನಾನು.”

ನಿಜ ಎಂದುಬಿಡಬಹುದಿತ್ತು. ಆದರೆ ಅವಳು ಕೇಳಿದ್ದು ನನ್ನ ನೆನಪನ್ನು, ಅದರ ಯೋಗ್ಯತೆ ನನಗೆ ಗೊತ್ತಿತ್ತು. “ಒಂದು ವಾರ ತಡೆ” ಎಂದೆ.

ಆ ಅನಿಲವನ್ನು ಪತ್ತೆಹಚ್ಚಿ ಕೂಗುವ ಪುಟ್ಟ ಪೆಟ್ಟಿಗೆಯೊಂದನ್ನು ತರಿಸಿದೆ. ಮೊದಲು ಅಲೆವೂರಿನಲ್ಲಿ, ಗಾಳಿಯಾಡುವ ಅಡುಗೆಮನೆಯಲ್ಲಿ, ಒಲೆಯ ಪಕ್ಕ ಇಟ್ಟು ಅಡುಗೆ ಮಾಡಿದೆ. ಸುಮ್ಮನಿತ್ತು. ಸುಮ್ಮನೆ ಕೂಗುವ ಜಾತಿಯದಲ್ಲ ಎಂದು ಅಷ್ಟರಮಟ್ಟಿಗೆ ನಂಬಿದೆ. ಆಮೇಲೆ ಕಾರ್ಕಳಕ್ಕೆ ಹೋಗಿ ಗೀಸರನ್ನು ಹಳೆಯ ಜಾಗದಲ್ಲೇ ಕೂರಿಸಿದೆ.

“ಈಗ ಎಂತ ಹೊಸ ನಾಟಕ?” ಎಂದರು ಅಮ್ಮ.

“ಅಂದು ಹೇಗೆ ಮುಚ್ಚಿದ್ದಿರೋ ಹಾಗೆಯೇ ಮುಚ್ಚಿ ಕೊಡಿ. ನಾನು ಮುಚ್ಚುವುದಿಲ್ಲ. ನನಗೆ ಬೇಕಾದ ಹಾಗೆ ಮುಚ್ಚಿದೆ ಎಂದು ಆಮೇಲೆ ನನಗೇ ಅನುಮಾನ ಬರುತ್ತದೆ.”

ಅಮ್ಮ ಗೊಣಗುತ್ತಾ ಸ್ಟೂಲು ಹತ್ತಿ ಜಾಲಿಗೆ ಬಟ್ಟೆ ತುರುಕಿದರು, ಕಿಟಿಕಿ ಮುಚ್ಚಿದರು. ಪೆಟ್ಟಿಗೆಯನ್ನು ಮಣೆಯ ಮೇಲೆ, ಕೂತವರ ಮುಖದ ಎತ್ತರಕ್ಕೆ ಬರುವಂತೆ ಬಕೆಟ್ ಬೋರಲು ಹಾಕಿ ಅದರ ಮೇಲೆ ಇಟ್ಟೆ. ಹಂಡೆಗೆ ನೀರು ಬಿಟ್ಟು ಹೊರಬಂದು ಬಾಗಿಲು ಎಳೆದೆ, ಅಮ್ಮ ಸಂದಿಗೆ ಗೋಣಿ ಇಟ್ಟರು. ನಾನು ಗೋಡೆಯ ಹೊರಬದಿಗೆ ಹೋಗಿ ಸಿಲಿಂಡರಿನ ರೆಗ್ಯುಲೇಟರ್ ಮೇಲೆ ಕೈಯಿಟ್ಟು ನಿಂತೆ. ಬಿಸಿಲಿತ್ತು. ಒಳಗೆ ಯಾರೂ ಇರಲಿಲ್ಲ. ಆದರೂ ಕೈ ತೆಗೆಯಲಿಲ್ಲ.

ಹಂಡೆ ಅರ್ಧ ತುಂಬುವ ಮೊದಲೇ ಅದು ಕೂಗಿತು.